ಪುಟ್ಟ ಕೈಗಳಿಗೆ ಪಿಟೀಲು: ನಲಿಯುತ್ತ ಕಲಿಯಲು ಎಂಟು ಹೆಜ್ಜೆ

ಪಿಟೀಲಿಗೆ ಮೆಟ್ಟಿಲುಗಳಿಲ್ಲ. ವೀಣೆಯಲ್ಲಿ 24 ಮೆಟ್ಟಿಲುಗಳು ಸ್ವರದ ಜಾಗವನ್ನು ತೋರಿಸುತ್ತವೆ. ಹಾರ್ಮೋನಿಯಂನಲ್ಲಿ ಮನೆ ಒತ್ತಿದರೆ ಸ್ವರ ತಾನೇ ನುಡಿಯುತ್ತದೆ. ಪಿಟೀಲಿನ ನುಣುಪಾದ ಬೆರಳುಹಲಗೆಯ ಮೇಲೆ ಅಂಥ ಗುರುತು ಯಾವುದೂ ಇಲ್ಲ. ಬೆರಳು ಒಂದು ಕಾಳಿನಷ್ಟು ಜರುಗಿದರೂ ಸ್ವರ ಕೆಡುತ್ತದೆ, ಕಮಾನು ಓರೆಯಾದರೆ ನಾದದ ಬದಲು ಕಿರುಗುಟ್ಟುವ ಸದ್ದು ಬರುತ್ತದೆ. ಕುಳಿತ ಭಂಗಿ, ಕಮಾನಿನ ಹಿಡಿತ, ಬೆರಳಿನ ಜಾಗ, ಸ್ವರ, ತಾಳ ಇವೆಲ್ಲವನ್ನೂ ಒಂದೇ ಪಾಠದಲ್ಲಿ ಕೇಳಿದರೆ ಆರು ವರ್ಷದ ಮಗುವಿಗೆ ಯಾವುದೂ ಸರಿಬರುವುದಿಲ್ಲ. ಕೆಲವೇ ತಿಂಗಳಲ್ಲಿ ವಾದ್ಯ ಬೀರುವಿನ ಮೇಲೆ ಸೇರುವುದು ಹೀಗೆ. ಇವನ್ನೇ ಬಿಡಿಸಿ, ಒಂದೊಂದಾಗಿ, ಮಗುವಿನ ಕೈಗೆಟುಕುವಷ್ಟೇ ಕೊಟ್ಟರೆ ಪ್ರತಿ ಪಾಠವೂ ಒಂದು ಸಣ್ಣ ಗೆಲುವಿನಲ್ಲಿ ಮುಗಿಯುತ್ತದೆ. ಕಲಿಕೆಯ ನಲಿವು ಹುಟ್ಟುವುದು ಆ ಗೆಲುವಿನಿಂದ. ಕರ್ನಾಟಕ ಸಂಗೀತದ ಪಿಟೀಲನ್ನು ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆ ಹೇಳಿಕೊಡುವ ಕ್ರಮವನ್ನು ಇಲ್ಲಿ ಎಂಟು ಹೆಜ್ಜೆಗಳಲ್ಲಿ ವಿವರಿಸಲಾಗಿದೆ.

1. ಮೊದಲು ಕಿವಿ, ಆಮೇಲೆ ಕೈ

ಜಪಾನಿನ ಪಿಟೀಲು ಶಿಕ್ಷಕ ಶಿನಿಚಿ ಸುಝುಕಿ (1898–1998) ಒಂದು ಸರಳ ಸಂಗತಿಯನ್ನು ಗಮನಿಸಿದ್ದರು: ಮಕ್ಕಳೆಲ್ಲ ತಮ್ಮ ತಾಯಿನುಡಿಯನ್ನು ತಡವರಿಸದೆ ಕಲಿಯುತ್ತಾರೆ. ಮೊದಲು ಕೇಳುತ್ತಾರೆ, ನಂತರ ಅನುಕರಿಸುತ್ತಾರೆ, ಓದು ಬರಹ ಕೊನೆಗೆ ಬರುತ್ತದೆ. ಎರಡನೆಯ ಮಹಾಯುದ್ಧದ ನಂತರ ಮಾತ್ಸುಮೋಟೊ ನಗರದಲ್ಲಿ ಇದೇ ಕ್ರಮವನ್ನು ಅವರು ಪಿಟೀಲಿಗೂ ತಂದರು. ಪುಸ್ತಕಕ್ಕಿಂತ ಮೊದಲು ಬಾಯಿಪಾಠ ನಡೆಯುವ ಕರ್ನಾಟಕ ಸಂಗೀತಕ್ಕೆ ಈ ದಾರಿ ಹೊಸದೇನಲ್ಲ.

ವಾದ್ಯ ಮನೆಗೆ ಬರುವ ಎರಡು ಮೂರು ತಿಂಗಳ ಮೊದಲೇ ಈ ಹೆಜ್ಜೆ ಆರಂಭವಾಗಬೇಕು. ಬೆಳಗಿನ ತಿಂಡಿಯ ಹೊತ್ತಿಗೋ ಸಂಜೆ ಆಟದ ಹೊತ್ತಿಗೋ ಪಿಟೀಲಿನ ನಾದ ಮನೆಯಲ್ಲಿ ಮೆಲ್ಲಗೆ ಕೇಳುತ್ತಿರಲಿ. ದಿನವೂ ಐದು ನಿಮಿಷ ತಂಬೂರಿ ಅಥವಾ ಶ್ರುತಿ ಪೆಟ್ಟಿಗೆಯ ಜೊತೆ ಮಗು ಸ, ಪ, ಮೇಲಿನ ಸ ಹಾಡಲಿ. ಬಳಿಕ ಆರಂಭದ ಸ್ವರಪಾಠವಾದ ಸರಳೆ ವರಸೆಯ ಮೊದಲ ಸಾಲನ್ನು ಆದಿತಾಳ ಹಾಕುತ್ತ ಹಾಡಲಿ. ಬಾಯಲ್ಲಿ ಬಂದ ಸ್ವರವನ್ನು ಬೆರಳು ಹುಡುಕಿಕೊಳ್ಳುತ್ತದೆ; ಬಾಯಲ್ಲಿ ಬಾರದ್ದನ್ನು ಬೆರಳು ಊಹಿಸಬೇಕಾಗುತ್ತದೆ. ಮುಂದೆಯೂ ಪ್ರತಿ ಹೊಸ ಪಾಠ ಹಾಡುವುದರಿಂದಲೇ ಶುರುವಾಗಬೇಕು.

2. ಮಗು ಸಿದ್ಧವಾಗಿದೆಯೇ ನೋಡುವುದು

ವಯಸ್ಸಿಗಿಂತ ಮಗುವಿನ ಲಕ್ಷಣಗಳು ಹೆಚ್ಚು ಹೇಳುತ್ತವೆ. ಮಗು ಹತ್ತು ನಿಮಿಷ ಒಂದೆಡೆ ಕೂರಬಲ್ಲದೇ? ಎರಡು ಸ್ವರ ಕೇಳಿಸಿದರೆ ಯಾವುದು ಮೇಲಿನದು, ಯಾವುದು ಕೆಳಗಿನದು ಎಂದು ಹೇಳಬಲ್ಲದೇ? ಪೆನ್ಸಿಲನ್ನು ಸಲೀಸಾಗಿ ಹಿಡಿಯುತ್ತದೆಯೇ? ಹಾಡಿಗೆ ಸರಿಯಾಗಿ ಚಪ್ಪಾಳೆ ತಟ್ಟುತ್ತದೆಯೇ? ಈ ನಾಲ್ಕೂ ಇದ್ದರೆ ಐದು ವರ್ಷಕ್ಕೂ ಆರಂಭಿಸಬಹುದು. ಇಲ್ಲವಾದರೆ ಇನ್ನಾರು ತಿಂಗಳು ಹಾಡು ಮತ್ತು ತಾಳದಲ್ಲಿ ಕಳೆದರೆ ನಷ್ಟವಿಲ್ಲ. ಆ ಕಲಿಕೆಯೂ ಪಿಟೀಲಿಗೇ ಜಮೆಯಾಗುತ್ತದೆ.

3. ಅಳತೆಗೆ ತಕ್ಕ ವಾದ್ಯ

ದೊಡ್ಡವರ ಪಿಟೀಲನ್ನು ಮಗುವಿಗೆ ಕೊಡುವುದು ಅಪ್ಪನ ಚಪ್ಪಲಿ ಹಾಕಿ ಓಡಿಸಿದಂತೆ. ಮಕ್ಕಳಿಗಾಗಿ 1/16, 1/8, 1/4, 1/2, 3/4 ಅಳತೆಯ ವಾದ್ಯಗಳು ಸಿಗುತ್ತವೆ. ಇಲ್ಲಿ ಅರ್ಧ ಎಂದರೆ ಉದ್ದದಲ್ಲಿ ಅರ್ಧವಲ್ಲ. ಪೂರ್ಣ ಪಿಟೀಲಿನ ಒಡಲು ಸುಮಾರು 14 ಅಂಗುಲ ಇದ್ದರೆ ಅರ್ಧದ್ದು ಸುಮಾರು 12.5, ಕಾಲಿನದು ಸುಮಾರು 11 ಅಂಗುಲ ಇರುತ್ತದೆ.

ಮಗು ಎಡಗೈಯನ್ನು ಪಕ್ಕಕ್ಕೆ ನೇರ ಚಾಚಿದಾಗ ಕುತ್ತಿಗೆಯಿಂದ ಅಂಗೈ ನಡುವಿನವರೆಗಿನ ದೂರವನ್ನು ಟೇಪಿನಲ್ಲಿ ಅಳೆಯಬೇಕು. ಅದು ಸುಮಾರು 43 ಸೆಂ.ಮೀ. ಇದ್ದರೆ 1/8, 45ರಿಂದ 50 ಇದ್ದರೆ 1/4, 51ರಿಂದ 55 ಇದ್ದರೆ 1/2, 56ರಿಂದ 59 ಇದ್ದರೆ 3/4 ಹೊಂದುತ್ತದೆ. ಎರಡು ಅಳತೆಗಳ ನಡುವೆ ಅನುಮಾನ ಬಂದರೆ ಚಿಕ್ಕದೇ ಲೇಸು. ಬೆಳೆಯುವ ಮಗುವೆಂದು ದೊಡ್ಡದನ್ನು ಕೊಂಡರೆ ಬೆರಳು ಚಾಚಿ ಚಾಚಿ ಕೈ ಸೋಲುತ್ತದೆ. ಮಗು ಎರಡು ವರ್ಷಕ್ಕೊಮ್ಮೆಯಾದರೂ ಅಳತೆ ಬದಲಿಸುವುದರಿಂದ ಬಾಡಿಗೆಗೆ ತರುವುದು, ದೊಡ್ಡ ಮಕ್ಕಳು ಬಿಟ್ಟದ್ದನ್ನು ಪಡೆಯುವುದು ಜಾಣತನ.

ಕೊಂಡ ವಾದ್ಯವನ್ನು ಶಿಕ್ಷಕರಿಗೆ ತೋರಿಸಿ, ತಂತಿಗಳನ್ನು ಹೊತ್ತು ನಿಲ್ಲುವ ಕುದುರೆಯ ಎತ್ತರವನ್ನು ಸರಿಮಾಡಿಸಬೇಕು. ಕುದುರೆ ಎತ್ತರವಿದ್ದರೆ ತಂತಿ ಗಟ್ಟಿಯಾಗಿ, ಎಳೆಯ ಬೆರಳ ತುದಿ ನೋಯುತ್ತದೆ. ಬಿರಡೆ ತಿರುಗಿಸಿ ಶ್ರುತಿ ಮಾಡುವ ಕೆಲಸ ಸದ್ಯಕ್ಕೆ ದೊಡ್ಡವರದು. ತಂತಿ ಹರಿದರೆ ಮುಖಕ್ಕೆ ಬಡಿಯಬಹುದಾದ್ದರಿಂದ ಆ ಹೊತ್ತಿನಲ್ಲಿ ಮಗು ತುಸು ದೂರವಿರಬೇಕು. ಮಳೆಗಾಲದಲ್ಲಿ ಬಿರಡೆ ಉಬ್ಬಿ ಬಿಗಿಯುತ್ತದೆ, ಬೇಸಗೆಯಲ್ಲಿ ಒಣಗಿ ಜಾರುತ್ತದೆ. ಜಾರುವ ಬಿರಡೆಗೆ ಸ್ವಲ್ಪ ಸೀಮೆಸುಣ್ಣ ಸವರಿದರೆ ಹಿಡಿದು ನಿಲ್ಲುತ್ತದೆ.

4. ಕುಳಿತುಕೊಳ್ಳುವ ಬಗೆ

ಪಾಶ್ಚಾತ್ಯ ಪದ್ಧತಿಯಲ್ಲಿ ಪಿಟೀಲು ಗದ್ದ ಮತ್ತು ಹೆಗಲ ನಡುವೆ ನಿಲ್ಲುತ್ತದೆ. ಕರ್ನಾಟಕ ಪದ್ಧತಿಯಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಬಲಗಾಲನ್ನು ತುಸು ಮುಂದಕ್ಕೆ ತಂದು, ವಾದ್ಯದ ಸುರುಳಿ ತುದಿಯನ್ನು ಬಲಪಾದದ ಗಿಣ್ಣಿನ ಬಳಿ ಇಡಲಾಗುತ್ತದೆ. ಇನ್ನೊಂದು ತುದಿ ಎಡ ಎದೆಯ ಮೇಲ್ಭಾಗಕ್ಕೆ ಒರಗುತ್ತದೆ. ಭಾರವನ್ನು ಕಾಲು ಮತ್ತು ಎದೆ ಹೊರುವುದರಿಂದ ಎಡಗೈ ತಂತಿಯ ಉದ್ದಕ್ಕೂ ಜಾರಲು ಬಿಡುವಾಗುತ್ತದೆ. ಮುಂದೆ ಸ್ವರವನ್ನು ತೂಗಿ ಜಾರಿಸುವ ಗಮಕಗಳು ಸಾಧ್ಯವಾಗುವುದು ಈ ಬಿಡುವಿನಿಂದಲೇ.

ಚಿಕ್ಕ ವಾದ್ಯದ ತುದಿ ಪಾದಕ್ಕೆ ಮುಟ್ಟದಿದ್ದರೆ ಮಗು ಮುಂದಕ್ಕೆ ಬಾಗುತ್ತದೆ. ಆಗ ಮಡಿಸಿದ ಟವೆಲನ್ನು ಪಾದದ ಮೇಲಿಟ್ಟರೆ ಬೆನ್ನು ನೇರವಾಗುತ್ತದೆ. ಮೊದಲ ವಾರ ಕಮಾನೇ ಬೇಡ. ವಾದ್ಯವನ್ನು ಈ ಭಂಗಿಯಲ್ಲಿಟ್ಟು, ಎರಡೂ ಕೈ ಬಿಟ್ಟು ಹತ್ತು ಎಣಿಸುವ ಆಟ, ಬೆರಳಿನಿಂದ ತಂತಿ ಮೀಟಿ ಸ, ಪ ಹೇಳುವ ಆಟ ಇಷ್ಟೇ ಸಾಕು.

5. ಕಮಾನಿಗೆ ಸಲುಗೆ

ಕಮಾನಿನ ಹಿಡಿತವನ್ನು ಪೆನ್ಸಿಲಿನ ಮೇಲೆ ಕಲಿಸುವುದು ಸುಲಭ. ಭರತನಾಟ್ಯದ ಸಿಂಹಮುಖ ಹಸ್ತದಲ್ಲಿ ನಡುಬೆರಳು, ಉಂಗುರ ಬೆರಳುಗಳ ತುದಿ ಹೆಬ್ಬೆರಳಿಗೆ ತಾಗಿ, ಉಳಿದೆರಡು ಬೆರಳು ಕಿವಿಯಂತೆ ಮೇಲೇಳುತ್ತವೆ. ಮೊಲವನ್ನು ತೋರಿಸಲೂ ಈ ಹಸ್ತವನ್ನು ಬಳಸುತ್ತಾರೆ. ಆ ಮೊಲದ ಬಾಯಿಗೆ ಪೆನ್ಸಿಲ್ ಕೊಟ್ಟು, ಎರಡು ಕಿವಿಗಳನ್ನೂ ಮೆಲ್ಲಗೆ ಮಲಗಿಸಿದರೆ ಕಮಾನಿನ ಹಿಡಿತ ಸಿದ್ಧವಾಗುತ್ತದೆ. ಹೆಬ್ಬೆರಳು ಬಾಗಿರಬೇಕು, ಕಿರುಬೆರಳ ತುದಿ ಕಡ್ಡಿಯ ಮೇಲೆ ಕೂತಿರಬೇಕು, ಮುಷ್ಟಿ ಬಿಗಿಯಬಾರದು.

ಇನ್ನು ಕಮಾನು. ಕೂದಲು ಮತ್ತು ಕಡ್ಡಿಯ ನಡುವೆ ಒಂದು ಪೆನ್ಸಿಲ್ ತೂರುವಷ್ಟು ಬಿಗಿ ಸಾಕು. ರಾಳ ತಿಕ್ಕದ ಹೊಸ ಕಮಾನು ತಂತಿಯ ಮೇಲೆ ಜಾರುತ್ತದೆಯೇ ಹೊರತು ನಾದ ಹೊರಡುವುದಿಲ್ಲ. ಹೊಸ ರಾಳದ ಹೊಳಪನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದ ಮೇಲೆಯೇ ಅದು ಕೂದಲಿಗೆ ಹಿಡಿಯುತ್ತದೆ. ನುಡಿಸಿ ಮುಗಿದ ಮೇಲೆ ಕೂದಲನ್ನು ಸಡಿಲಿಸಿ, ತಂತಿಯ ಮೇಲಿನ ಪುಡಿಯನ್ನು ಹತ್ತಿಬಟ್ಟೆಯಿಂದ ಒರೆಸುವುದನ್ನು ಮಗುವಿನ ಕೈಯಲ್ಲೇ ಮಾಡಿಸಬೇಕು. ವಾದ್ಯ ತನ್ನದೆಂಬ ಅಕ್ಕರೆ ಅದರಿಂದ ಬೆಳೆಯುತ್ತದೆ.

ನಾಲ್ಕು ತಂತಿಗಳನ್ನು ಮಂದ್ರ ಸ, ಮಂದ್ರ ಪ, ಮಧ್ಯ ಸ, ಮಧ್ಯ ಪ ಎಂದು ಶ್ರುತಿ ಮಾಡಲಾಗುತ್ತದೆ. ಕಮಾನು ಹಿಡಿದ ಮೇಲಿನ ಎರಡು ಮೂರು ವಾರ ಬೆರಳಿಡದೆ ಈ ಬಿಡಿ ತಂತಿಗಳ ಮೇಲೆ ಮಾತ್ರ ಕಮಾನು ಓಡಬೇಕು. ಆರಂಭದಲ್ಲಿ ಕಮಾನಿನ ನಡುಭಾಗದ ಒಂದು ಗೇಣು ಸಾಕು. ಕುದುರೆಗೂ ಬೆರಳುಹಲಗೆಗೂ ನಡುವಿನ ದಾರಿ ಬಿಟ್ಟು ಅದು ಅತ್ತಿತ್ತ ಹೋಗಬಾರದು. ಮಗುವಿಗೆ ಗೊತ್ತಿರುವ ಪದಗಳ ಲಯವನ್ನೇ ಕಮಾನಿಗೆ ಕೊಡಬಹುದು. ‘ಬೆಲ್ಲ’ ಎಂದರೆ ಎರಡು ಎಳೆತ, ‘ಕಡಲೆ’ ಎಂದರೆ ಮೂರು, ‘ತಕಧಿಮಿ’ ಎಂದರೆ ನಾಲ್ಕು. ಶಿಕ್ಷಕರು ನುಡಿಸಿದ್ದು ಯಾವ ಪದವೆಂದು ಕಂಡುಹಿಡಿಯುವ ಆಟದಲ್ಲಿ ಕಮಾನು, ಕಿವಿ, ಲಯ ಮೂರೂ ಒಟ್ಟಿಗೆ ಪಳಗುತ್ತವೆ.

6. ಬೆರಳುಗಳ ಮನೆ

ಕರ್ನಾಟಕ ಸಂಗೀತದ ಪಾಠಕ್ರಮವನ್ನು ರೂಪಿಸಿದ ಕೀರ್ತಿ ಪುರಂದರದಾಸರದು. ಮೊದಲ ಪಾಠಗಳಿಗೆ ಅವರು ಮಾಯಾಮಾಳವಗೌಳ ರಾಗವನ್ನು ಆರಿಸಿದರೆಂಬುದು ಪರಂಪರೆಯ ಮಾತು. ಪಿಟೀಲು ಕಲಿಯುವ ಮಗುವಿಗೆ ಈ ರಾಗ ವಿಶೇಷವಾಗಿ ಒದಗುತ್ತದೆ. ಸ ರಿ ಗ ಮ ಎಂಬ ಕೆಳಗಿನ ಅರ್ಧಕ್ಕೂ ಪ ದ ನಿ ಸ ಎಂಬ ಮೇಲಿನ ಅರ್ಧಕ್ಕೂ ಸ್ವರಗಳ ಅಂತರ ಒಂದೇ ಆಗಿದೆ. ತಂತಿಗಳು ಸ ಮತ್ತು ಪ ಆಗಿರುವುದರಿಂದ ಒಂದು ತಂತಿಯಲ್ಲಿ ಕಲಿತ ಬೆರಳ ಜಾಗಗಳು ಪಕ್ಕದ ತಂತಿಯಲ್ಲೂ ಹಾಗೆಯೇ ಬರುತ್ತವೆ. ಮೂರು ಜಾಗ ಕಲಿತರೆ ಒಂದು ಸ್ಥಾಯಿ ಪೂರ್ತಿ ಕೈವಶವಾಗುತ್ತದೆ.

ಆ ಜಾಗಗಳನ್ನು ಗುರುತಿಸಲು ಒಂದು ದಾರ ಸಾಕು. ತಂತಿ ನುಡಿಯಲು ಆರಂಭವಾಗುವ ಮೇಲ್ತುದಿಯಿಂದ ಕುದುರೆಯವರೆಗೆ ದಾರ ಹಿಡಿದು ಕತ್ತರಿಸಬೇಕು. ಅದನ್ನು ಎರಡು ಬಾರಿ ಮಡಿಸಿದರೆ ಬರುವ ಕಾಲು ಭಾಗವನ್ನು ಮೇಲ್ತುದಿಯಿಂದ ಅಳೆದರೆ ಮಧ್ಯಮದ ಜಾಗ ಸಿಗುತ್ತದೆ. ಐದನೆಯ ಒಂದು ಭಾಗದಲ್ಲಿ ಗಾಂಧಾರ, ಹದಿನಾರನೆಯ ಒಂದು ಭಾಗದಲ್ಲಿ ರಿಷಭ ಇರುತ್ತವೆ. ಅಲ್ಲಲ್ಲಿ ತೆಳುವಾದ ಬಣ್ಣದ ಟೇಪ್ ಅಂಟಿಸಬಹುದು. ರಿಷಭಕ್ಕೆ ತೋರುಬೆರಳು, ಗಾಂಧಾರಕ್ಕೆ ನಡುಬೆರಳು, ಮಧ್ಯಮಕ್ಕೆ ಉಂಗುರ ಬೆರಳು.

ರಿಷಭದಿಂದ ಗಾಂಧಾರಕ್ಕೆ ದೂರ ಹೆಚ್ಚು. ತೀರ ಎಳೆಯ ಕೈಗೆ ಇದು ಕಷ್ಟವಾದರೆ ಬೆರಳುಗಳು ಸಹಜವಾಗಿ ಕೂರುವ ಶಂಕರಾಭರಣದಲ್ಲಿ ಒಂದು ತಿಂಗಳು ಆಡಿಸಿ, ಆಮೇಲೆ ಮಾಯಾಮಾಳವಗೌಳಕ್ಕೆ ಬರಬಹುದು. ಶಂಕರಾಭರಣದ ಎರಡು ಅರ್ಧಗಳೂ ಒಂದೇ ಬಗೆಯವಾದ್ದರಿಂದ ಇಲ್ಲಿಯೂ ಅದೇ ಅನುಕೂಲವಿದೆ. ಟೇಪ್ ಊರುಗೋಲು ಮಾತ್ರ. ಕಣ್ಣು ಮುಚ್ಚಿ ನುಡಿಸುವ ಆಟವನ್ನು ಆಗಾಗ ಆಡಿಸಿ, ಮೂರ್ನಾಲ್ಕು ತಿಂಗಳಲ್ಲಿ ಒಂದೊಂದಾಗಿ ಕಿತ್ತು ತೆಗೆಯಬೇಕು.

7. ಸರಳೆಯ ನಡುವೆ ಹಾಡು

ಸರಳೆ, ಜಂಟಿ, ದಾಟು ವರಸೆಗಳು, ಅಲಂಕಾರಗಳು ಮುಗಿಯುವವರೆಗೆ ಹಾಡೇ ಇಲ್ಲವೆಂದರೆ ಮಗು ಕಾಯುವುದಿಲ್ಲ. ವರಸೆಗಳನ್ನು ಬಿಡುವಂತಿಲ್ಲ, ಅವುಗಳ ಪಕ್ಕದಲ್ಲೇ ಹಾಡು ನಡೆಯಬೇಕು. ನಾಲ್ಕೈದು ಸ್ವರಗಳಲ್ಲಿ ಮುಗಿಯುವ ಶಿಶುಗೀತೆ, ಮನೆಯಲ್ಲಿ ಹಾಡುವ ದೇವರನಾಮದ ಪಲ್ಲವಿ, ಜನಪದ ಹಾಡಿನ ಒಂದು ಸಾಲು ಹೀಗೆ ವಾರಕ್ಕೊಂದು ಸಣ್ಣ ತುಣುಕನ್ನು ಮಗು ತಾನೇ ಹಾಡಿ, ಸ್ವರ ಹುಡುಕಿ ನುಡಿಸಲಿ. ತಪ್ಪಿದ ಸ್ವರವನ್ನು ತಾನೇ ತಿದ್ದಿಕೊಳ್ಳಲು ಬಿಡುವುದರಲ್ಲಿ ಪಾಠ ಹೆಚ್ಚು ಆಗುತ್ತದೆ. ಮಲಹರಿ ರಾಗದ ಪಿಳ್ಳಾರಿ ಗೀತೆಗಳಿಗೆ ಬರುವ ಹೊತ್ತಿಗೆ ಹಾಡು ನುಡಿಸುವ ರುಚಿ ಹತ್ತಿರುತ್ತದೆ.

ವರಸೆಗಳಿಗೂ ಬಣ್ಣ ಕೊಡಬಹುದು. ಶಿಕ್ಷಕರು ಒಂದು ಸಾಲು, ಮಗು ಒಂದು ಸಾಲು ನುಡಿಸುವುದು. ಅದೇ ಸರಳೆಯನ್ನು ಇರುವೆಯಂತೆ ಮೆಲ್ಲಗೆ, ಆನೆಯಂತೆ ಗಟ್ಟಿಯಾಗಿ ನುಡಿಸುವುದು. ಮಗು ತಾಳ ಹಾಕುವುದು, ಶಿಕ್ಷಕರು ನುಡಿಸುವುದು. ಎರಡನೆಯ ಕಾಲಕ್ಕೆ, ಎಂದರೆ ಇಮ್ಮಡಿ ವೇಗಕ್ಕೆ, ಹೋಗುವುದು ಮೊದಲ ಕಾಲದಲ್ಲಿ ಸ್ವರ ನಿಂತ ಮೇಲೆಯೇ.

8. ಮನೆಯ ಸಾಧನೆ

ವಾರಕ್ಕೆ ಒಂದು ದಿನ ಒಂದು ಗಂಟೆಗಿಂತ ದಿನಕ್ಕೆ ಹತ್ತು ನಿಮಿಷ ಮೇಲು. ಐದಾರು ವರ್ಷಕ್ಕೆ ಹತ್ತು ನಿಮಿಷ, ಏಳೆಂಟಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಹೊತ್ತು ಗೊತ್ತಾಗಿರಲಿ, ಟೀವಿ ಆರಿರಲಿ. ಮೊದಲು ಬಿಡಿ ತಂತಿಯ ಮೇಲೆ ಉದ್ದ ಕಮಾನು, ಬಳಿಕ ಹೊಸ ಪಾಠದ ಒಂದೇ ಸಾಲು, ಕೊನೆಗೆ ಚೆನ್ನಾಗಿ ಬರುವ ಹಳೆಯ ಹಾಡು. ಕೊನೆಯದನ್ನು ಎಂದೂ ಬಿಡಬಾರದು. ಆಗ ಮಗು ವಾದ್ಯವನ್ನು ಪೆಟ್ಟಿಗೆಯಲ್ಲಿಡುವುದು ಬಂದದ್ದನ್ನು ನುಡಿಸಿದ ಸಂತೋಷದಲ್ಲಿ.

ತಂದೆತಾಯಿಗೆ ಸಂಗೀತ ಬಾರದಿದ್ದರೂ ಪಕ್ಕದಲ್ಲಿ ಕೂರಬಹುದು, ತಾಳ ಹಾಕಬಹುದು. ತಿದ್ದುವುದಾದರೆ ಒಂದು ದಿನಕ್ಕೆ ಒಂದೇ ಸಂಗತಿ. ‘ಭೇಷ್’ ಎಂಬ ಮಾತಿಗಿಂತ ‘ಇವತ್ತು ಕಮಾನು ನೇರ ಹೋಯಿತು’ ಎಂಬ ಮಾತು ಮಗುವಿಗೆ ಹೆಚ್ಚು ತಿಳಿಸುತ್ತದೆ. ಇನ್ನೊಂದು ಮಗುವಿನ ಜೊತೆ ಹೋಲಿಕೆ ಬೇಡ. ಬೆರಳ ತುದಿ ಸ್ವಲ್ಪ ಚುರುಗುಟ್ಟುವುದು ಸಹಜ. ಕತ್ತು, ಹೆಗಲು, ಮಣಿಕಟ್ಟು ನೋಯುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ ಭಂಗಿ ಮತ್ತು ವಾದ್ಯದ ಅಳತೆಯನ್ನು ನೋಡಬೇಕು. ಬೇಸರದ ವಾರಗಳು ಎಲ್ಲ ಮಕ್ಕಳಿಗೂ ಬರುತ್ತವೆ. ಆಗ ಹೊಸ ಪಾಠ ನಿಲ್ಲಿಸಿ, ಹಳೆಯ ಹಾಡುಗಳನ್ನಷ್ಟೇ ನುಡಿಸಿದರೆ ಆಸೆ ಮರಳುತ್ತದೆ.

ಕೇಳುವವರಿದ್ದರೆ ನುಡಿಸುವ ಹುಮ್ಮಸ್ಸು ಹೆಚ್ಚು. ನವರಾತ್ರಿಯ ಗೊಂಬೆಗಳ ಮುಂದೆ, ಪುರಂದರದಾಸರ ಆರಾಧನೆಯ ಗೋಷ್ಠಿಯಲ್ಲಿ, ಅಜ್ಜಿಯ ಮುಂದೆ ಎರಡು ನಿಮಿಷ ನುಡಿಸಿದರೂ ಸಾಕು. ಏಳು ತಂತಿಯ ಪಿಟೀಲಿನಿಂದ ಹೆಸರಾದ ಮೈಸೂರು ಟಿ. ಚೌಡಯ್ಯ (1895–1967) ಅವರ ನೆನಪಿಗೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿರುವ ಸಭಾಭವನದಲ್ಲಿ ಒಂದು ಕಛೇರಿ ಕೇಳಿಸಿದರೆ ಮಗು ಅದನ್ನು ಬಹುಕಾಲ ಮರೆಯುವುದಿಲ್ಲ. ಸಂಗೀತದ ಜೂನಿಯರ್ ಪರೀಕ್ಷೆಯ ಅವಸರ ಮಾತ್ರ ಈ ವಯಸ್ಸಿಗೆ ಬೇಡ.

ಕೈ ಬೆಳೆದು ಮುಂದಿನ ಅಳತೆಯ ವಾದ್ಯ ಬಂದಾಗ ಬೆರಳ ಅಂತರಗಳೂ ಬದಲಾಗುತ್ತವೆ. ಆ ವಾರ ಮತ್ತೆ ಬಿಡಿ ತಂತಿ, ಮೊದಲ ಸರಳೆಯಿಂದಲೇ ಶುರುಮಾಡಬೇಕು. ಕಿವಿ ಪಳಗಿರುವುದರಿಂದ ಮೊದಲ ಸಲ ತಿಂಗಳುಗಳು ಹಿಡಿದ ಹೊಂದಾಣಿಕೆ ಈ ಸಲ ಕೆಲವೇ ದಿನಗಳಲ್ಲಿ ಮುಗಿಯುತ್ತದೆ.