ಮುಂಗಡ ಕೊಡುವ ಮುನ್ನ: ಗೊಬ್ಬರ, ಔಷಧಿ ಪೂರೈಸುವವರ ಹಣಕಾಸು ಸ್ಥಿತಿ ಅರಿಯುವ ಬಗೆ

ಶೃಂಗೇರಿಯಿಂದ ಕಾರ್ಕಳಕ್ಕೆ ಹೋಗುವ ಘಟ್ಟದ ದಾರಿಯಲ್ಲಿರುವ ಕೆರೆಕಟ್ಟೆಯ ಸುತ್ತಮುತ್ತ ಅಡಿಕೆಯೇ ಮುಖ್ಯ ಬೆಳೆ. ಇಲ್ಲಿ ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಕೊಳೆರೋಗ ತಡೆಯಲು ಶೇಕಡಾ 1ರ ಬೋರ್ಡೋ ದ್ರಾವಣದ ಮೊದಲ ಸಿಂಪರಣೆ ಮಳೆ ಬಲಿಯುವುದರೊಳಗೆ ಮುಗಿಯಬೇಕು. 40ರಿಂದ 45 ದಿನಗಳ ನಂತರ ಎರಡನೆಯದು ಆಗಬೇಕು. ಪ್ರತಿ 100 ಲೀಟರ್ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೇಕು. ಆದ್ದರಿಂದ ಅನೇಕ ಬೆಳೆಗಾರರು ಬೇಸಿಗೆಯಲ್ಲಿಯೇ ಅಂಗಡಿಗೆ ಮುಂಗಡ ಕೊಟ್ಟು ಮೈಲುತುತ್ತವನ್ನು ಗೊತ್ತುಮಾಡಿಕೊಳ್ಳುವುದುಂಟು. ಗೊಬ್ಬರ ಮತ್ತು ಅಡಿಕೆ ಸಸಿಗಳಿಗೂ ಇದೇ ರೂಢಿ.

ಹೀಗೆ ಕೊಟ್ಟ ಮುಂಗಡ ನಿಜವಾಗಿ ಅಡಮಾನವಿಲ್ಲದ ಸಾಲ. ಬ್ಯಾಂಕು ರೈತನಿಗೆ ಸಾಲ ಕೊಡುವಾಗ ಪಹಣಿ ನೋಡುತ್ತದೆ, ಹಳೆಯ ಬಾಕಿ ವಿಚಾರಿಸುತ್ತದೆ. ರೈತನು ಅಂಗಡಿಗೆ ಸಾಲ ಕೊಡುವಾಗ ಏನನ್ನೂ ನೋಡುವುದಿಲ್ಲ. ಅಂಗಡಿಯ ಸರಕು ಬ್ಯಾಂಕಿಗೆ ಒತ್ತೆಯಾಗಿದ್ದು ವ್ಯಾಪಾರ ಮುಳುಗಿದರೆ, ಮೊದಲ ಹಕ್ಕು ಬ್ಯಾಂಕಿನದು. ಮುಂಗಡ ಕೊಟ್ಟವನ ಸರದಿ ಹಿಂದೆ. ಇದಕ್ಕಿಂತ ದೊಡ್ಡ ನಷ್ಟ ಮತ್ತೊಂದಿದೆ. ಹೋದ ಹಣವನ್ನು ಮುಂದಿನ ವರ್ಷ ದುಡಿಯಬಹುದು. ತಪ್ಪಿದ ಮೊದಲ ಸಿಂಪರಣೆಯನ್ನು ಆಗಸ್ಟ್‌ನಲ್ಲಿ ಮಾಡಿ ಉದುರಿದ ಕಾಯಿಯನ್ನು ಗೊನೆಗೆ ಮರಳಿಸಲಾಗದು.

ವ್ಯಾಪಾರ ಸೊರಗುವುದು ಹೇಗೆ?

ಸರಕು ಕೊಡಲಾಗದ ವ್ಯಾಪಾರಿ ಮೋಸಗಾರನೇ ಆಗಿರಬೇಕಿಲ್ಲ. ಮಲೆನಾಡಿನ ಗೊಬ್ಬರದ ಅಂಗಡಿಯ ಬಂಡವಾಳ ಬಹುಪಾಲು ರೈತರ ಉದ್ದರಿಯಲ್ಲಿ ನಿಂತಿರುತ್ತದೆ. ಶೃಂಗೇರಿ, ಕೊಪ್ಪ ತಾಲ್ಲೂಕುಗಳ ತೋಟಗಳನ್ನು ಹಳದಿ ಎಲೆ ರೋಗ ಹಲವು ದಶಕಗಳಿಂದ ಕಾಡುತ್ತಿದೆ. ಎಲೆಚುಕ್ಕೆ ರೋಗವೂ ಈಗ ಜೊತೆಗೂಡಿದೆ. ಫಸಲು ಇಳಿದ ತೋಟದಿಂದ ಅಂಗಡಿಯ ಬಾಕಿ ತೀರುವುದಿಲ್ಲ. ಬಾಕಿ ಬಾರದಿದ್ದರೆ ಅಂಗಡಿಯವನು ಸಗಟು ವ್ಯಾಪಾರಿಗೆ ಹಣ ಕಟ್ಟಲಾರ. ಕಟ್ಟದಿದ್ದರೆ ಹೊಸ ಸರಕು ಬಾರದು. ಅಂದರೆ ರೈತನ ಬೆಳೆ ಮತ್ತು ಅವನಿಗೆ ಸರಕು ಪೂರೈಸುವವನ ಹಣ ಎರಡೂ ಒಂದೇ ಮರವನ್ನು ನಂಬಿವೆ. ರೋಗ ಹೆಚ್ಚಿದ ವರ್ಷ, ಅಡಿಕೆ ಧಾರಣೆ ಕುಸಿದ ವರ್ಷ, ಅಂಗಡಿಯ ಸ್ಥಿತಿಯೂ ಕೆಟ್ಟಿರುವ ಸಂಭವ ಹೆಚ್ಚು. ಅಂಥ ವರ್ಷದಲ್ಲಿಯೇ ಹೆಚ್ಚಿನ ಎಚ್ಚರಿಕೆ ಅವಶ್ಯ.

ಒಂದು ಸರಳ ಲೆಕ್ಕ

ತುಂಬಿದ ಅಂಗಡಿಯೆಲ್ಲ ಗಟ್ಟಿಯಾದ ಅಂಗಡಿಯಲ್ಲ ಎಂಬುದನ್ನು ಈ ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು.

ವ್ಯಾಪಾರಿಯ ಬಳಿ ಇರುವುದು: ಸರಕು 6 ಲಕ್ಷ ರೂ., ಬರಬೇಕಾದ ಉದ್ದರಿ 14 ಲಕ್ಷ ರೂ., ನಗದು 1 ಲಕ್ಷ ರೂ.; ಒಟ್ಟು 21 ಲಕ್ಷ ರೂ.

ಅವನು ಕೊಡಬೇಕಾದದ್ದು: ಸಗಟು ವ್ಯಾಪಾರಿಗೆ 9 ಲಕ್ಷ ರೂ., ಬ್ಯಾಂಕಿಗೆ 5 ಲಕ್ಷ ರೂ., ರೈತರ ಮುಂಗಡ 3 ಲಕ್ಷ ರೂ.; ಒಟ್ಟು 17 ಲಕ್ಷ ರೂ.

ಮೇಲುನೋಟಕ್ಕೆ 4 ಲಕ್ಷ ರೂ. ಮಿಗುತ್ತದೆ. ಆದರೆ ಉದ್ದರಿಯಲ್ಲಿ 6 ಲಕ್ಷ ರೂ. ಎರಡು ವರ್ಷಕ್ಕೂ ಹಳೆಯದು, ಬರುವ ಭರವಸೆಯಿಲ್ಲ ಎಂದಾದರೆ ಕೈಯಲ್ಲಿರುವುದು 15 ಲಕ್ಷ ರೂ. ಮಾತ್ರ. ಆಗ 2 ಲಕ್ಷ ರೂ. ಕೊರತೆ. ಇಡೀ ಲೆಕ್ಕ ನಿಂತಿರುವುದು ಹಳೆಯ ಬಾಕಿಯ ಮೇಲೆ.

ಸಹಕಾರ ಸಂಘವಾದರೆ

ಖಾಸಗಿ ಅಂಗಡಿಯ ಖಾತೆ ಪುಸ್ತಕ ರೈತನ ಕೈಗೆ ಸಿಗದು. ಆದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಸದಸ್ಯನಿಗೆ ಈ ಲೆಕ್ಕ ಅಚ್ಚಾಗಿಯೇ ಸಿಗುತ್ತದೆ. ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ನಡೆಯುವ ವಾರ್ಷಿಕ ಸಾಮಾನ್ಯ ಸಭೆಯ ವರದಿಯನ್ನು ಅನೇಕರು ತೆರೆದು ನೋಡುವುದಿಲ್ಲ. ಅದರಲ್ಲಿ ಗಮನಿಸಬೇಕಾದ ಅಂಶಗಳು ಇವು:

1. ಲೆಕ್ಕಪರಿಶೋಧನೆಯ ವರ್ಗ 'ಎ', 'ಬಿ', 'ಸಿ', 'ಡಿ' ಗಳಲ್ಲಿ ಯಾವುದು? ಕಳೆದ ವರ್ಷಕ್ಕಿಂತ ಇಳಿದಿದೆಯೇ?

2. ಸುಸ್ತಿ ಸಾಲ ಮೂರು ವರ್ಷಗಳಿಂದ ಏರುತ್ತಿದೆಯೇ?

3. ಸಂಚಿತ ನಷ್ಟವಿದ್ದರೆ ಅದು ಷೇರು ಬಂಡವಾಳ ಮತ್ತು ಕಾಯ್ದಿಟ್ಟ ನಿಧಿಗಳ ಎಷ್ಟು ಪಾಲನ್ನು ತಿಂದಿದೆ?

4. ಲಾಭ ತೋರಿಸಿದ್ದರೆ, ಇನ್ನೂ ವಸೂಲಾಗದ ಬಡ್ಡಿಯನ್ನೂ ಅದರಲ್ಲಿ ಹಿಡಿಯಲಾಗಿದೆಯೇ?

5. ಲೆಕ್ಕಪರಿಶೋಧಕರ ಆಕ್ಷೇಪಣೆಗಳು ಯಾವುವು? ಹಿಂದಿನ ವರ್ಷದ ಆಕ್ಷೇಪಣೆಯೇ ಮತ್ತೆ ಬಂದಿದೆಯೇ?

ಒಂದು ವಿಷಯ ನೆನಪಿರಲಿ. ಬ್ಯಾಂಕುಗಳ ಠೇವಣಿಗೆ 2020ರ ಫೆಬ್ರವರಿಯಿಂದ 5 ಲಕ್ಷ ರೂ.ವರೆಗೆ ಇರುವ ವಿಮೆ ಪ್ರಾಥಮಿಕ ಸಹಕಾರ ಸಂಘಗಳ ಠೇವಣಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಈ ವರದಿಯನ್ನು ಓದುವುದೇ ಸದಸ್ಯನಿಗೆ ರಕ್ಷಣೆ.

ಖಾಸಗಿ ಅಂಗಡಿಯಾದರೆ

ಪುಸ್ತಕ ಸಿಗದಿದ್ದರೂ ಕಣ್ಣಿಗೆ ಕಾಣುವ ಗುರುತುಗಳಿವೆ. ಮೊದಲಿಗೆ ಗೊಬ್ಬರ ಹಾಗೂ ಕೀಟನಾಶಕ ಮಾರುವ ಪರವಾನಗಿ ಚಾಲ್ತಿಯಲ್ಲಿದೆಯೇ ನೋಡಬೇಕು. 1985ರ ರಸಗೊಬ್ಬರ ನಿಯಂತ್ರಣ ಆಜ್ಞೆಯ ಪ್ರಕಾರ ಅಂಗಡಿಯಲ್ಲಿ ಗೊಬ್ಬರದ ದಾಸ್ತಾನು ಮತ್ತು ದರಪಟ್ಟಿ ತೂಗುಹಾಕಬೇಕು, ಕೊಂಡವರಿಗೆ ರಸೀದಿ ಕೊಡಬೇಕು. ದಾಸ್ತಾನಿನ ಫಲಕ ತಿಂಗಳುಗಟ್ಟಲೆ ಬದಲಾಗದಿದ್ದರೆ ಕಾರಣ ಕೇಳಬಹುದು.

ರಸೀದಿಯ ಮೇಲಿನ 15 ಅಂಕಿ-ಅಕ್ಷರಗಳ ಜಿ.ಎಸ್.ಟಿ. ಸಂಖ್ಯೆಯೂ ಉಪಯುಕ್ತ. ಕರ್ನಾಟಕದ ಸಂಖ್ಯೆ 29ರಿಂದ ಆರಂಭವಾಗುತ್ತದೆ. ಜಿ.ಎಸ್.ಟಿ. ಜಾಲತಾಣದಲ್ಲಿ ಇದನ್ನು ಹಾಕಿದರೆ ನೋಂದಣಿ ಚಾಲ್ತಿಯಲ್ಲಿದೆಯೇ, ಇತ್ತೀಚೆಗೆ ಯಾವ ತಿಂಗಳವರೆಗೆ ತೆರಿಗೆ ವಿವರ ಸಲ್ಲಿಸಲಾಗಿದೆ ಎಂಬುದು ಯಾರಿಗಾದರೂ ಕಾಣುತ್ತದೆ. ಹಲವು ತಿಂಗಳು ವಿವರ ಸಲ್ಲಿಸದಿರುವುದು ಒಳ್ಳೆಯ ಲಕ್ಷಣವಲ್ಲ. ಚಿಕ್ಕ ವ್ಯಾಪಾರಿಗೆ ಈ ನೋಂದಣಿ ಇಲ್ಲದಿರಬಹುದು, ಅದೊಂದೇ ದೋಷವಾಗದು.

ವ್ಯವಹಾರ ಶುರುವಾದ ನಂತರವೂ ಈ ಸೂಚನೆಗಳ ಮೇಲೆ ಗಮನವಿರಲಿ:

* ಹಿಂದಿಗಿಂತ ಹೆಚ್ಚು ಮುಂಗಡ ಕೇಳುವುದು, ಅಥವಾ ನಗದು ಕೊಟ್ಟರೆ ಪೇಟೆಯಲ್ಲಿ ಎಲ್ಲಿಯೂ ಇಲ್ಲದ ರಿಯಾಯಿತಿ ಕೊಡುತ್ತೇನೆನ್ನುವುದು.

* ಸದಾ ಇರುತ್ತಿದ್ದ ಕಂಪನಿಯ ಸರಕು ನಿಂತು, ಬೇಗ ಖರ್ಚಾಗದ ಮಾಲು ಮಾತ್ರ ಉಳಿಯುವುದು.

* ಸರಕು ಬರುವ ದಿನವನ್ನು ಎರಡು ಬಾರಿ ಮುಂದೂಡುವುದು.

* ಕೊಟ್ಟ ಚೆಕ್ಕು ವಾಪಸಾಗುವುದು, ಹಳೆಯ ಕೆಲಸಗಾರರು ಬಿಟ್ಟುಹೋಗುವುದು.

ಇವುಗಳಲ್ಲಿ ಒಂದನ್ನೇ ಕಂಡು ಗಾಬರಿಯಾಗಬೇಕಿಲ್ಲ, ಊರಲ್ಲಿ ಸುದ್ದಿ ಹಬ್ಬಿಸಲೂ ಬಾರದು. ಸುದ್ದಿಯಿಂದಲೇ ನೆಟ್ಟಗಿದ್ದ ಅಂಗಡಿಯೂ ಮುಳುಗಬಹುದು. ಎರಡು ಮೂರು ಸೂಚನೆ ಒಟ್ಟಿಗೆ ಕಂಡರೆ ಹೊಸ ಮುಂಗಡ ನಿಲ್ಲಿಸಿ, ಕೊಟ್ಟ ಹಣಕ್ಕೆ ಸಿಗುವಷ್ಟು ಸರಕನ್ನು ಎತ್ತಿಕೊಳ್ಳುವುದು ಸೂಕ್ತ.

ಅಪಾಯ ತಗ್ಗಿಸುವ ಕ್ರಮಗಳು

1. ಮೊದಲ ಸಿಂಪರಣೆಯ ಮೈಲುತುತ್ತಕ್ಕೆ ಮುಂಗಡ ಬೇಡ. ಅಡಿಕೆಯ ಹಣ ಕೈಸೇರಿದಾಗಲೇ, ಮಾರ್ಚ್ ಒಳಗೆ, ಕೊಂಡು ಮನೆಗೆ ತರಬೇಕು. ಮೈಲುತುತ್ತ ಒಣಗಿದ ಜಾಗದಲ್ಲಿ ಕೆಡದೆ ಉಳಿಯುತ್ತದೆ. ಕಬ್ಬಿಣದ ಡಬ್ಬಿಯಲ್ಲಿ ಮಾತ್ರ ಇಡಬಾರದು. ಮಕ್ಕಳು, ದನಕರುಗಳಿಗೆ ಎಟುಕದಂತಿರಲಿ. ಸುಣ್ಣ ಗಾಳಿಗೆ, ತೇವಕ್ಕೆ ಸತ್ವ ಕಳೆದುಕೊಳ್ಳುವುದರಿಂದ ಅದನ್ನು ಸಿಂಪರಣೆಯ ಸಮೀಪದಲ್ಲಿ ಕೊಳ್ಳುವುದು ಲೇಸು.

2. ಮುಂಗಡ ಅನಿವಾರ್ಯವಾದರೆ ಒಂದು ಪಾಲು ಮೊದಲು, ಉಳಿದದ್ದು ಸರಕು ಬಂದ ಮೇಲೆ.

3. ಮುಂಗಡದ ರಸೀದಿಯಲ್ಲಿ ಸರಕಿನ ಹೆಸರು, ತೂಕ, ದರ, ಕೊಡುವ ದಿನಾಂಕ ಇರಬೇಕು. ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟರೆ ದಾಖಲೆ ಉಳಿಯುತ್ತದೆ. ವಿವಾದವಾದರೆ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಇವೇ ಆಧಾರ.

4. ಎಲ್ಲ ಬೇಡಿಕೆಯನ್ನೂ ಒಬ್ಬರಿಗೇ ಕೊಡದೆ ಸಂಘ ಮತ್ತು ಅಂಗಡಿಗಳ ನಡುವೆ ಹಂಚಬೇಕು. ನೆರೆಹೊರೆಯ ಎಂಟು-ಹತ್ತು ತೋಟದವರು ಕೂಡಿ ಕೊಂಡರೆ ಸಾಗಾಣಿಕೆ ವೆಚ್ಚವೂ ಇಳಿಯುತ್ತದೆ.

5. ತಮ್ಮ ಹಳೆಯ ಬಾಕಿಯನ್ನು ರೈತರು ಹೊತ್ತಿಗೆ ಸರಿಯಾಗಿ ತೀರಿಸಬೇಕು. ಒಬ್ಬರ ಬಾಕಿ ಮತ್ತೊಬ್ಬರ ಗೊಬ್ಬರವನ್ನು ತಡೆಯುತ್ತದೆ.

ವಿಸ್ತರಣಾ ಕಾರ್ಯಕರ್ತರು ಬೋರ್ಡೋ ದ್ರಾವಣ ತಯಾರಿಕೆಯ ಪ್ರಾತ್ಯಕ್ಷಿಕೆ ನಡೆಸುವಾಗಲೇ ಸಂಘದ ವಾರ್ಷಿಕ ವರದಿ ಓದುವುದನ್ನೂ ಅರ್ಧ ಗಂಟೆ ಹೇಳಿಕೊಟ್ಟರೆ ಹೆಚ್ಚಿನ ಪ್ರಯೋಜನವಾದೀತು. ಮೇ ತಿಂಗಳ ಕೊನೆಗೆ ಮೈಲುತುತ್ತ ರೈತನ ಮನೆಯ ಅಟ್ಟದ ಮೇಲಿರಬೇಕೇ ಹೊರತು ಅಂಗಡಿಯವನ ಮಾತಿನಲ್ಲಿ ಅಲ್ಲ.