ಹೆದರಿಸುವುದೂ ಹಿಂಸೆಯೇ



ಲಾಠಿ ಏಟು ಮಾತ್ರ ಹಿಂಸೆಯಲ್ಲ. 2020ರ ಜನವರಿಯಲ್ಲಿ ಬೀದರಿನ ಶಾಲೆಯೊಂದರ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ನಾಟಕ ಆಡಿದರು. ರಾಜದ್ರೋಹದ ಕೇಸು ಬಿತ್ತು. ಮುಖ್ಯಶಿಕ್ಷಕಿ ಮತ್ತು ಒಬ್ಬ ವಿದ್ಯಾರ್ಥಿನಿಯ ತಾಯಿ ಜೈಲು ಸೇರಿದರು. ಪೊಲೀಸರು ಮತ್ತೆ ಮತ್ತೆ ಬಂದು ಮಕ್ಕಳನ್ನು ವಿಚಾರಿಸಿದರು. ಸಮವಸ್ತ್ರದಲ್ಲಿ, ಆಯುಧ ಇಟ್ಟುಕೊಂಡು ವಿಚಾರಿಸಿದ್ದು ಮೇಲ್ನೋಟಕ್ಕೇ ಮಕ್ಕಳ ಹಕ್ಕುಗಳ ಉಲ್ಲಂಘನೆ ಎಂದು 2021ರಲ್ಲಿ ಹೈಕೋರ್ಟ್ ಹೇಳಿತು. 2023ರಲ್ಲಿ ಕೇಸು ರದ್ದಾಯಿತು.

ಆದರೆ ಹೆದರಿದ ಮಗು ಶಾಲೆಗೆ ಹೋಗೋಲ್ಲ ಅನ್ನುತ್ತೆ, ಪ್ರಶ್ನೆ ಕೇಳೋದು ಬಿಡುತ್ತೆ. ದೊಡ್ಡದಾದ ಮೇಲೆ ಅನ್ಯಾಯವಾದರೂ ಠಾಣೆಯ ಮೆಟ್ಟಿಲು ಹತ್ತೋಲ್ಲ.

ತಿಳಿದಿರಲಿ: 15 ವರ್ಷದೊಳಗಿನ ಮಕ್ಕಳನ್ನು, ಹೆಂಗಸರನ್ನು ಸಾಕ್ಷಿ ಹೇಳಲು ಠಾಣೆಗೆ ಕರೆಸುವಂತಿಲ್ಲ, ಪೊಲೀಸರೇ ಮನೆಗೆ ಬರಬೇಕು. ಮಕ್ಕಳಿಗೆ ತೊಂದರೆಯಾದರೆ 1098ಕ್ಕೆ ಫೋನ್ ಮಾಡಿ.

ಚರ್ಚೆಗೆ: ನಮ್ಮೂರ ಶಾಲೆಗೆ ಪೊಲೀಸರು ಬಂದರೆ, ಮಗುವಿನ ಪಕ್ಕ ನಿಮ್ಮಲ್ಲಿ ಯಾರು ನಿಲ್ಲುತ್ತೀರಿ?