ದ್ವೀಪದ ಹೊತ್ತಿಗೆ ಒಗ್ಗಿಕೊಂಡ ಮೇಲೆ

ಧರ್ಮಪುರಿ ಜಿಲ್ಲೆಯ ನಮ್ಮ ಪಾಲಕೋಡಿನಿಂದ ಸಮುದ್ರ ದೂರ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡಿಕೊಂಡು ಬೆಳೆದ ನಾನು ಅಲೆ ಕಂಡದ್ದೇ ದೊಡ್ಡವನಾದ ಮೇಲೆ. ಅಂಥವನು ಕೆಲಸದ ಮೇಲೆ ಹೋಗಿ ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿ 11 ವರ್ಷ ಸಂಸಾರ ಮಾಡಿದೆ. 2024ರಿಂದ ಅದು ಶ್ರೀ ವಿಜಯಪುರಂ. ನನ್ನ ಬಾಯಿಗೆ ಹಳೆಯ ಹೆಸರೇ ಬರುತ್ತದೆ. ಅಲ್ಲಿಗೆ ಹೊರಟವರು ಯಾರೇ ಕೇಳಲಿ, ಇಷ್ಟು ಹೇಳುತ್ತೇನೆ.

1. ಬೇಗ ಏಳಿ. ಗಡಿಯಾರ ಎರಡೂ ಕಡೆ ಒಂದೇ, ಆದರೆ ಅಲ್ಲಿ ಸೂರ್ಯ ನಮ್ಮೂರಿಗಿಂತ ಸುಮಾರು ಒಂದು ಗಂಟೆ ಮುಂಚೆ ಹುಟ್ಟುತ್ತಾನೆ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆ ದೀಪ ಹಚ್ಚಬೇಕು. ಮೊದಲ ವರ್ಷ ಊರಿನ ಅಭ್ಯಾಸದಂತೆ ಏಳಕ್ಕೆ ಎದ್ದು, ಆಫೀಸು ಮುಗಿಸಿ ಕತ್ತಲಲ್ಲಿ ಮನೆಗೆ ಬಂದೆ. ದ್ವೀಪ ಕಣ್ಣಿಗೇ ಬೀಳಲಿಲ್ಲ.

2. ಮೀನಿಗೆ ಜಂಗ್ಲಿಘಾಟಿಗೆ ನೀವೇ ಹೋಗಿ. ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು, ಕಣ್ಣು ಉಬ್ಬಿರಬೇಕು. ನಾವು ವಂಜರಂ ಎನ್ನುವುದೇ ಅಲ್ಲಿ ಸುರ್ಮಾಯಿ, ಮಂಗಳೂರಿನವರಿಗೆ ಅಂಜಲ್. ರಾಗಿ ಹಿಟ್ಟನ್ನು ಊರಿಂದಲೇ ಒಯ್ಯುತ್ತಿದ್ದೆ. ಬಿಸಿ ಮುದ್ದೆಗೆ ತೆಂಗಿನಹಾಲಿನ ಸುರ್ಮಾಯಿ ಸಾರು: ಧರ್ಮಪುರಿ ಜಿಲ್ಲೆಯೂ ಬಂಗಾಳ ಕೊಲ್ಲಿಯೂ ಒಂದೇ ತಟ್ಟೆಯಲ್ಲಿ ಕೂತಂತೆ.

3. ಹಡಗಿನ ದಾರಿ ಕಾಯುವುದನ್ನು ಕಲಿಯಿರಿ. ಚೆನ್ನೈನಿಂದ ಸುಮಾರು 1,200 ಕಿ.ಮೀ., ಮೂರು ದಿನದ ದಾರಿ. ಈರುಳ್ಳಿ, ಆಲೂಗಡ್ಡೆ ಬರುವುದು ಹಾಗೆಯೇ. ಟೊಮೆಟೊ ನಮ್ಮೂರಿನ ಬೆಳೆ. ಬೆಲೆ ಬಿದ್ದ ವರ್ಷ ಪಾಲಕೋಡಿನ ರೈತರು ಅದನ್ನು ರಸ್ತೆ ಬದಿ ಸುರಿಯುವುದನ್ನು ಹೊಟ್ಟೆ ಉರಿದು ನೋಡಿದ್ದೇನೆ. ಅದೇ ಹಣ್ಣನ್ನು ಅಲ್ಲಿ, ಸಮುದ್ರ ಕೆರಳಿ ಹಡಗು ತಡವಾದಾಗ, ನಮ್ಮನೆಯಾಕೆ ಲೆಕ್ಕ ಹಾಕಿ ನಾಲ್ಕೇ ನಾಲ್ಕು ಕೊಂಡು ತರುತ್ತಿದ್ದಳು. ಒಂದು ದಿನ ಒಂದನ್ನು ಹೆಚ್ಚಿ ಉಪ್ಪು ಉದುರಿಸಿ ಎಲ್ಲರೂ ಹಂಚಿಕೊಂಡು ತಿಂದೆವು. ಟೊಮೆಟೊಗೆ ಅಷ್ಟು ರುಚಿ ಇದೆಯೆಂದು ನನಗೆ ಗೊತ್ತಾದದ್ದು ಆವತ್ತು. ಇಲ್ಲದ ದಿನ ನೆರೆಮನೆಯ ಹಿತ್ತಲಿನ ಬಿಂಬುಳಿ ಸಾರಿಗೆ ಹುಳಿ ಕೊಡುತ್ತಿತ್ತು.

4. ಕೆಲಸವಿಲ್ಲದಿದ್ದರೂ ಚಾಥಮ್‌ನಿಂದ ಬ್ಯಾಂಬೂ ಫ್ಲಾಟ್‌ಗೆ ಫೆರಿ ಹತ್ತಿ. ಬೈಕು, ಲಾರಿ, ಶಾಲೆಯ ಮಕ್ಕಳು ಎಲ್ಲ ಒಟ್ಟಿಗೆ.

5. ಉಬ್ಬರ ಇಳಿತದ ಹೊತ್ತು ತಿಳಿದುಕೊಳ್ಳಿ. ಅದು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ತುಂಬ ದೂರ ಇಳಿಯುತ್ತದೆ. ಆಗ ಬಂಡೆಗಳ ನಡುವೆ ತಟ್ಟೆಯಷ್ಟಗಲದ ಕೊಳಗಳು ಉಳಿಯುತ್ತವೆ. ಒಂದರ ಮುಂದೆ ಕುಕ್ಕರುಗಾಲಲ್ಲಿ ಕೂತು ಉಸಿರು ಬಿಗಿಹಿಡಿಯಿರಿ. ಸತ್ತ ಶಂಖವೆಂದುಕೊಂಡದ್ದು ಮೆಲ್ಲಗೆ ಅಲುಗುತ್ತದೆ, ಒಳಗಿಂದ ಏಡಿಯ ಕೆಂಪು ಕಾಲೊಂದು ಹೊರಬರುತ್ತದೆ. ನನ್ನ ಮಗಳು ಹಾಗೆ ಗಂಟೆಗಟ್ಟಲೆ ಕೂರುತ್ತಿದ್ದಳು. ಚಿಪ್ಪು, ಹವಳ ಎತ್ತಿಕೊಂಡು ಬರಬೇಡಿ. ಆ ಏಡಿಗೆ ಅದೇ ಮನೆ. ಮೊಸಳೆಯ ಎಚ್ಚರಿಕೆ ಫಲಕವಿರುವ ಕಡೆ ನೀರಿಗಿಳಿಯಲೇಬೇಡಿ.

6. ಮಳೆಯನ್ನು ಬೈಯಬೇಡಿ. ವರ್ಷಕ್ಕೆ ಸುಮಾರು 3,000 ಮಿ.ಮೀ. ಸುರಿಯುತ್ತದೆ, ಆದರೂ ಮಾರ್ಚ್ ಹೊತ್ತಿಗೆ ನಲ್ಲಿ ನೀರಿಗೆ ತತ್ವಾರ. ಮೇ ತಿಂಗಳಲ್ಲಿ ತಗಡಿನ ಮಾಡಿನ ಮೇಲೆ ಮೊದಲ ಹನಿ ಬಿದ್ದ ಸದ್ದಿಗೆ ಬೀದಿಯವರೆಲ್ಲ ಡ್ರಮ್ಮು, ಬಕೆಟ್ಟು ಹಿಡಿದು ಹೊರಗೆ ಬರುತ್ತಿದ್ದರು. ಊರಿಗೆ ಮರಳಿದ ಮೇಲೂ ನಮ್ಮನೆಯಾಕೆ ಮಳೆ ಶುರುವಾದರೆ ಬಿಂದಿಗೆ ತಂದು ಸೂರಿನ ಕೆಳಗೆ ಇಡುತ್ತಾಳೆ.